ಗಾಜಿನವರ ತಲೆಸನ್ನೆ

ಮನೆ, ಕುಲುಮೆಯ ಹಿಂದಿನ ಕೋಣೆ
ಹನ್ನೊಂದನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ, ಇಲ್ಲ ಇನ್ನೂ ಮೆಟ್ಟಿಲು ಕಂಡರೆ ಬೈಯುತ್ತಿದ್ದೀಯಾ? ಕಣ್ಣು ಪರೀಕ್ಷೆ ಮಾಡುವ ಆ ಅಕ್ಷರದ ಹಲಗೆಯನ್ನು ಕೆಳಗಿನ ಕೋಣೆಗೆ ಇಳಿಸಿ ಎಂದು ನಿಮ್ಮ ಕನ್ನಡಕದಂಗಡಿಯ ಯಜಮಾನರಿಗೆ ಇನ್ನೊಂದು ಸಲ ಹೇಳು. ಕಣ್ಣು ಕಾಣದವರನ್ನು ಮೆಟ್ಟಿಲು ಹತ್ತಿಸಿ ಆಮೇಲೆ ಕನ್ನಡಕ ಕೊಡುವುದು ಯಾವ ನ್ಯಾಯ? ಭಾವನವರ ಕೆಮ್ಮು ಹೇಗಿದೆ? ನಿನ್ನ ಮಗಳು ಈಗಲೂ ಫೋನಿನಲ್ಲಿ ಮೂರೇ ಮಾತಿಗೆ ಸರಿ ಮಾಮ ಇಡ್ತೀನಿ ಎನ್ನುತ್ತಾಳೆ, ಅದಕ್ಕೇ ನಾನು ಕಾಗದ ಬರೆಯುವುದು. ಕಾಗದವನ್ನು ಯಾರೂ ನಡುವೆ ಇಡಲಾರರು. ಇಲ್ಲಿ ಅಪ್ಪ ಚೆನ್ನಾಗಿದ್ದಾರೆ. ಎಪ್ಪತ್ತೈದಾದರೂ ಹಲ್ಲು ನನಗಿಂತ ಗಟ್ಟಿ, ಕಿವಿ ಮಾತ್ರ ಬೇಕಾದ್ದಕ್ಕೆ ಕೇಳುತ್ತದೆ, ಬೇಡದ್ದಕ್ಕೆ ಕೇಳುವುದಿಲ್ಲ. ಇವಳೂ ಚೆನ್ನಾಗಿದ್ದಾಳೆ. ನನ್ನ ವಿಷಯ ಏನೆಂದು ನೀನು ಮುಂದಿನ ಪುಟ ತಿರುವಿ ಹುಡುಕುವ ಮೊದಲೇ ಹೇಳಿಬಿಡುತ್ತೇನೆ, ನನಗೆ ಏನೂ ಆಗಿಲ್ಲ. ಏನೂ ಆಗಿಲ್ಲ ಎಂಬ ಈ ಎರಡು ಮಾತಿಗಾಗಿ ನಾಲ್ಕು ತಿಂಗಳು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ನಿನಗೆ ಹೇಳಿರಲಿಲ್ಲ, ಬೈಯಬೇಡ.

ಶುರುವಾದದ್ದು ಗಡ್ಡ ಹೆರೆಯುವಾಗ. ಕನ್ನಡಿಯಲ್ಲಿರುವವನು ಏನನ್ನೋ ಒಪ್ಪಿಕೊಳ್ಳುತ್ತಿದ್ದಾನೆ ಅನ್ನಿಸಿತು. ನಾನು ಸುಮ್ಮನೆ ನಿಂತಿದ್ದೇನೆ, ಅವನು ಮಾತ್ರ ಹೂಂ, ಹೂಂ ಎಂದು ಸಣ್ಣಗೆ ಗೋಣು ಆಡಿಸುತ್ತಿದ್ದಾನೆ. ಕತ್ತು ಉಳುಕಿರಬೇಕು ಎಂದುಕೊಂಡೆ. ದಿಂಬು ಬದಲಾಯಿಸಿದೆ. ದಿಂಬು ಇಲ್ಲದೆ ಮಲಗಿದೆ. ಹದಿನೈದು ದಿನದಲ್ಲಿ ಊರಿನವರೆಲ್ಲರಿಗೂ ಗೊತ್ತಾಗುವಷ್ಟು ಕೋಲೆಬಸವನಾಗಿಬಿಟ್ಟೆ. ನಮ್ಮ ಬೀದಿಯವರ ಸಭೆಯಲ್ಲಿ ಚರಂಡಿ ಕೆಲಸ ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ನಾನು ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದೆ. ತಲೆ ಕೇಳಬೇಕಲ್ಲ! ಎಲ್ಲರೂ ಚಪ್ಪಾಳೆ ಹೊಡೆದರು. ಎರಡು ತಿಂಗಳಿಂದ ಚರಂಡಿಯ ಉಸ್ತುವಾರಿ ನನ್ನದೇ. ಕ್ಷೌರದವನು ಇನ್ನೂ ಸಣ್ಣಗೆ ಮಾಡ್ಲಾ ಎಂದು ಕೇಳಿ ಕೇಳಿ ನನ್ನನ್ನು ಬೋಳು ಮಾಡಿ ಕಳಿಸಿದ. ಇವಳಂತೂ, ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಿದೀರಿ, ಡಾಕ್ಟರ ಹತ್ರ ಹೋಗ್ಬೇಡಿ ಬಿಡಿ, ಎಂದು ನಗುತ್ತಿದ್ದಳು. ಒಂದು ದಿನ ನಗು ನಿಲ್ಲಿಸಿದಳು.

ಯಾಕೆಂದರೆ ಕುಲುಮೆಯ ಮುಂದೆ ಅದು ನಗುವ ವಿಷಯವಲ್ಲ, ನಿನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು. ಕೊಳವೆ ಬಾಯಲ್ಲಿ, ಎರಡು ಕೈಯೂ ಕೊಳವೆ ತಿರುಗಿಸುವುದರಲ್ಲಿ, ತುದಿಯಲ್ಲಿ ಕೆಂಪಗೆ ಜೋಲುವ ಗಾಜಿನ ಉಂಡೆ. ಮಾತಾಡಲು ಬಾಯಿಲ್ಲ, ತೋರಿಸಲು ಕೈಯಿಲ್ಲ, ಉಳಿದದ್ದು ತಲೆ ಒಂದೇ. ಗದ್ದ ಒಂದು ಸಲ ಕೆಳಗೆ ಇಳಿದರೆ ಅಚ್ಚಿನ ಎರಡೂ ಹೋಳು ಮುಚ್ಚು, ಮೇಲೆ ಎದ್ದರೆ ತೆರೆ, ಎಡಕ್ಕೆ ಓರೆಯಾದರೆ ಅಚ್ಚಿಗೆ ನೀರು ತೋರಿಸು. ಅಚ್ಚಿನ ಮುಂದೆ ಕುಳ್ಳು ಸ್ಟೂಲಿನ ಮೇಲೆ ಕೂತವರು ಅಚ್ಚನ್ನು ನೋಡುವಂತಿಲ್ಲ, ಊದುವವನ ತಲೆಯನ್ನೇ ನೋಡುತ್ತಿರಬೇಕು. ಹನ್ನೆರಡು ವರ್ಷ ನೀನು ಆ ಸ್ಟೂಲಿನ ಮೇಲೆ ಕೂತಿದ್ದೆ. ಕೂದಲೆಳೆಯಷ್ಟು ಆಡಿಸಿದರೂ ನಿನಗೆ ತಿಳಿಯುತ್ತಿತ್ತು. ನೀನು ಎದ್ದು ಹೋದ ಮೇಲೆ ಬಾಡಿಗೆಯವರು ಇಬ್ಬರು ಬಂದರು, ಹೋದರು, ಆಮೇಲೆ ಇವಳು ಕೂತಳು. ಇವಳೂ ಜಾಣೆಯೇ, ಆದರೆ ಸಿಕ್ಕಾಪಟ್ಟೆ ಆಡುವ ತಲೆಯಲ್ಲಿ ಯಾವುದು ಸನ್ನೆ, ಯಾವುದು ನಡುಕ ಎಂದು ಯಾರು ತಾನೇ ಹೇಳಬಲ್ಲರು? ಉಂಡೆ ಇಳಿಯುವ ಮೊದಲೇ ಮುಚ್ಚಿದಳು, ಇಳಿದ ಮೇಲೆ ಮುಚ್ಚದೆ ಕೂತಳು. ಒಂದೇ ವಾರದಲ್ಲಿ ಹದಿನಾಲ್ಕು ಲಾಂದ್ರದ ಚಿಮಣಿ ಸೊಟ್ಟಗಾದವು. ಹದಿನೈದನೆಯದಕ್ಕೆ ಅಚ್ಚು ಬಿಟ್ಟು ಎದ್ದು, ನಂಗಾಗಲ್ಲ, ನಿಮ್ಮ ತಲೆ ನೋಡಿದ್ರೆ ಅಳು ಬರತ್ತೆ, ಎಂದಳು. ಅವತ್ತು ಮಾರನೆಯ ದಿನಕ್ಕೇ ನರದ ಡಾಕ್ಟರ ಬಳಿ ಹೆಸರು ಬರೆಸಿದೆವು.

ಡಾಕ್ಟರ ಕೋಣೆಯ ಹೊರಗೆ ಎರಡು ಗಂಟೆ ಕೂತಿದ್ದೆವು. ಏನೇನು ಕೆಟ್ಟದ್ದು ಇರಬಹುದೋ ಎಲ್ಲವನ್ನೂ ಮನಸ್ಸಿನಲ್ಲೇ ಅನುಭವಿಸಿ ಮುಗಿಸಿದ್ದೆ, ನನ್ನ ತಿಥಿಯವರೆಗೂ ಹೋಗಿ ಬಂದಿದ್ದೆ. ಅವರು ಮೂಗು ಮುಟ್ಟು, ನನ್ನ ಬೆರಳು ಮುಟ್ಟು, ಗೆರೆಯ ಮೇಲೆ ನಡಿ, ಕಾಗದದ ಮೇಲೆ ಸುರುಳಿ ಬರಿ ಎಂದು ಒಂದನೇ ತರಗತಿಯ ಮೇಷ್ಟರ ಹಾಗೆ ಎಲ್ಲ ಮಾಡಿಸಿದರು. ತಲೆಯೊಳಗಿನ ಚಿತ್ರ ತೆಗೆಸಿದರು. ಕೊನೆಗೆ, ನಿಮ್ಮಲ್ಲಿ ಮೊದಲು ಯಾರಿಗಾದ್ರೂ ಹೀಗೆ ಇತ್ತಾ, ಎಂದರು. ಆಗ ನೆನಪಾಯಿತು ನೋಡು, ನಮ್ಮ ಅಜ್ಜಿ! ಅಜ್ಜಿ ಯಾವಾಗಲೂ ಎಲ್ಲದಕ್ಕೂ ಹೌದು ಅನ್ನುತ್ತಿದ್ದರು, ಎಂಥ ಒಳ್ಳೆಯವರು, ಎಂದು ನಾವು ತಿಳಿದಿದ್ದೆವಲ್ಲ, ಪಾಪ ಅದೂ ಇದೇ. ಡಾಕ್ಟರು ನಕ್ಕು, ಇದು ಬರೀ ನಡುಕ, ಮನೆತನದಲ್ಲಿ ಬರುವಂಥದ್ದು, ಮಿದುಳಿಗೆ ಏನೂ ಆಗಿಲ್ಲ, ಇದರಿಂದ ಯಾರೂ ಸತ್ತಿಲ್ಲ, ಎಂದರು. ಅಕ್ಕಾ, ಹೋದ ಜೀವ ಬಂದ ಹಾಗಾಯಿತು. ಇವಳು ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಾನು ಡಾಕ್ಟರ ಮುಂದೆ ತಲೆ ಆಡಿಸುತ್ತಾ ಕೂತಿದ್ದೆ, ಈ ಸಲ ನಿಜವಾಗಿಯೂ ನಾನೇ ಆಡಿಸಿದ್ದು. ಒಂದು ಗುಳಿಗೆ ಬರೆದುಕೊಟ್ಟಿದ್ದಾರೆ, ಸ್ವಲ್ಪ ತಗ್ಗುತ್ತದಂತೆ, ಪೂರ್ತಿ ಹೋಗುವುದಿಲ್ಲವಂತೆ. ಕೊಳವೆ ಮಾತ್ರ ಬಿಡಿ ಎಂದರು. ಬಿಟ್ಟೆ. ಇಪ್ಪತ್ತೆಂಟು ವರ್ಷ ಊದಿದ್ದು ಸಾಕು, ಕೆನ್ನೆಗೂ ಒಂದು ರಜೆ ಬೇಕು.

ಅಲ್ಲಿಂದಲೇ ಇನ್ನೊಂದು ಕಥೆ ಶುರುವಾಯಿತು. ಯಾಕೆ ಕೊಳವೆ ಬಿಡಬೇಕು ಎಂದು ನಾನು ವಾದ ಮಾಡಿದಾಗ ತಲೆಸನ್ನೆಯ ವಿಷಯವೆಲ್ಲ ಡಾಕ್ಟರಿಗೆ ಹೇಳಬೇಕಾಗಿ ಬಂತು. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಅವರ ದೊಡ್ಡಕ್ಕ ನಿಘಂಟು ಮಾಡುವ ಕಚೇರಿಯಲ್ಲಿದ್ದಾರಂತೆ. ‘ಸ’ ಅಕ್ಷರಕ್ಕೆ ಬಂದು ಎರಡು ವರ್ಷವಾಯಿತಂತೆ, ಮುಗಿಯುವ ಹಾಗೇ ಕಾಣುತ್ತಿಲ್ಲವಂತೆ. ಸನ್ನೆ ಅನ್ನೋ ಮಾತಿನ ಮೇಲೇ ಮೂರು ವಾರದಿಂದ ಕೂತಿದ್ದಾಳೆ, ನಿಮ್ಮ ಮನೆಗೆ ಕಳಿಸ್ಲಾ, ಎಂದರು. ನನಗಿಂತ ಮೊದಲೇ ಹೂಂ ಎಂದು ತಲೆ ಹೇಳಿತು. ಹೀಗೆ ಹೋದ ಶುಕ್ರವಾರ ನಿಘಂಟಿನ ಅಮ್ಮ ನಮ್ಮ ಶೆಡ್ಡಿಗೆ ಬಂದರು.

ನೀನು ಅವರನ್ನು ನೋಡಬೇಕಿತ್ತು. ಗಿಡ್ಡ ಹೆಂಗಸು, ಜೋಳಿಗೆಯಂಥ ಚೀಲ, ಅದರ ತುಂಬ ರಬ್ಬರು ಹಾಕಿ ಕಟ್ಟಿದ ಬಿಳಿ ಚೀಟಿಗಳು. ಕುರ್ಚಿ ತರುತ್ತೇನೆ ಎಂದರೆ ಬೇಡ ಎಂದು ಬಕೆಟ್ಟು ಬೋರಲು ಹಾಕಿಕೊಂಡು ಕುಲುಮೆಯ ಪಕ್ಕ ಕೂತುಬಿಟ್ಟರು. ಅಪ್ಪ ಮೊದಲು ಅನುಮಾನದಿಂದ ನೋಡುತ್ತಿದ್ದರು, ತೆರಿಗೆಯವರೇನೋ ಎಂದು. ಗದ್ದ ಇಳಿದರೆ ಏನು, ಎದ್ದರೆ ಏನು, ಓರೆಯಾದರೆ ಏನು ಎಂದು ಒಂದೊಂದಕ್ಕೂ ಒಂದೊಂದು ಚೀಟಿ ಬರೆದರು. ಆಮೇಲೆ ಅಪ್ಪ, ನಮ್ಮದೆಲ್ಲ ಕೇಳಿದ್ರಲ್ಲ, ನಿಮ್ಮದೂ ಒಂದಿಷ್ಟು ಹೇಳಿ, ಈ ಮಾತು ಎಲ್ಲಿಂದ ಬಂತು, ಎಂದು ಸವಾಲು ಹಾಕಿದರು. ಅವರು ಹೇಳಿದ್ದನ್ನು ನಿನಗೆಂದೇ ನೆನಪಿಟ್ಟುಕೊಂಡಿದ್ದೇನೆ. ಸನ್ನೆ ಮೊದಲು ಸನ್ನೆಯಾಗಿರಲಿಲ್ಲವಂತೆ, ಸಂಸ್ಕೃತದ ಸಂಜ್ಞೆಯಂತೆ. ಆ ‘ಜ್ಞ’ ನಮ್ಮವರ ನಾಲಿಗೆಗೆ ತೊಡಕು, ಅದಕ್ಕೇ ಹಿಂದಿನವರು ಯಜ್ಞವನ್ನು ಜನ್ನ ಮಾಡಿದರು, ಆಜ್ಞೆಯನ್ನು ಆಣೆ ಮಾಡಿದರು, ಸಂಜ್ಞೆಯನ್ನು ಸನ್ನೆ ಮಾಡಿದರು. ನಾವು ಲೋಟದ ಚೂಪು ಅಂಚನ್ನು ಬೆಂಕಿಗೆ ಹಿಡಿದು ದುಂಡಗೆ ಮಾಡುತ್ತೇವಲ್ಲ, ಹಾಗೆ. ಹಳಗನ್ನಡದಲ್ಲಿ ಸನ್ನೆ ಮಾಡು ಎನ್ನದೆ ಸನ್ನೆಗೆಯ್ ಎನ್ನುತ್ತಿದ್ದರಂತೆ. ಅಂದರೆ ಸಾವಿರ ವರ್ಷದಿಂದ ಜನ ಬಾಯಿ ಬಿಡದೆ ತಲೆಯಲ್ಲಿ, ಹುಬ್ಬಿನಲ್ಲಿ, ಕಣ್ಣಿನ ಕೊನೆಯಲ್ಲಿ ಮಾತಾಡಿಕೊಂಡೇ ಬಂದಿದ್ದಾರೆ. ಬಾಯಿ ಬಿಟ್ಟವರೇ ಜಗಳ ಮಾಡಿಕೊಂಡಿರಬೇಕು.

ಇನ್ನೂ ಒಂದು ಹಳೆಯ ಮಾತು ಹೇಳಿದರು, ಇಂಗಿತ. ಪೇಪರಿನಲ್ಲಿ ಅವರು ಇಂಗಿತ ವ್ಯಕ್ತಪಡಿಸಿದರು, ಇವರು ಇಂಗಿತ ವ್ಯಕ್ತಪಡಿಸಿದರು ಎಂದು ದಿನಾ ಬರುತ್ತದಲ್ಲ, ಅದರ ಮೂಲದ ಅರ್ಥ ಬರೀ ಅಲುಗಿದ್ದು ಎಂದಂತೆ. ಮೈ ಅಲುಗಿದ್ದು. ಅಲುಗಿದ್ದನ್ನು ನೋಡಿ ಒಳಗಿನದನ್ನು ತಿಳಿಯುತ್ತಿದ್ದರಿಂದ ಬರಬರುತ್ತಾ ಒಳಗಿನದಕ್ಕೇ ಆ ಹೆಸರಾಯಿತು. ನನ್ನ ಕಾಯಿಲೆಗೆ ಡಾಕ್ಟರಿಗಿಂತ ಅವರ ಅಕ್ಕನೇ ಸರಿಯಾಗಿ ಹೆಸರಿಟ್ಟರು ನೋಡು, ಅಲುಗುವುದೇನೋ ಇದೆ, ಒಳಗೆ ಏನೂ ಇಲ್ಲ. ಅಪ್ಪ ಹುರುಪಿನಿಂದ, ಹಾಗಾದ್ರೆ ಕಲ್ಲು ಎಬ್ಬಿಸೋ ಸನ್ನೆಗೋಲಿನ ಸನ್ನೆಯೂ ಇದೇನಾ, ಎಂದು ಕೇಳಿದರು. ಆಯಮ್ಮ ಚೀಟಿಗಳನ್ನು ತಿರುವಿ ನೋಡಿ, ಬೇರೆ ಇರಬೇಕು, ನನಗೆ ಗೊತ್ತಿಲ್ಲ, ಎಂದರು. ಗೊತ್ತಿಲ್ಲ ಎನ್ನುವ ವಿದ್ವಾಂಸರನ್ನು ನಾನು ನೋಡಿದ್ದು ಅದೇ ಮೊದಲು. ಅಪ್ಪನಿಗೆ ಅವರ ಮೇಲೆ ನಂಬಿಕೆ ಬಂದದ್ದೂ ಆಗಲೇ. ಸಂಜ್ಞೆ ಎಂಬುದನ್ನು ಬಿಡಿಸಿದರೆ ಕೂಡಿ ತಿಳಿಯುವುದು ಎಂದಾಗುತ್ತದೆ ಎಂದು ಅವರು ಹೇಳಿದಾಗ ಅಪ್ಪ ತೊಡೆ ತಟ್ಟಿಕೊಂಡು, ಅದನ್ನೇ ನಾನು ಇವರಿಗೆ ಹೇಳಿ ಹೇಳಿ ಸಾಕಾಗಿದ್ದು, ಕೊಡೋನು ಅರ್ಧ, ತಗೊಳ್ಳೋನು ಅರ್ಧ, ಎಂದರು. ಅದನ್ನೂ ಚೀಟಿಯಲ್ಲಿ ಬರೆದುಕೊಂಡರು. ಅಪ್ಪನ ಮಾತು ನಿಘಂಟಿನಲ್ಲಿ ಬರುತ್ತದೋ ಏನೋ, ಬಂದರೆ ಇನ್ನು ಇವರನ್ನು ಹಿಡಿಯುವವರಿಲ್ಲ.

ಈಗ ಮುಖ್ಯ ಸುದ್ದಿಗೆ ಬರುತ್ತೇನೆ. ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಇದು ಒಳ್ಳೆಯ ಸುದ್ದಿಯೇ. ಚೀಟಿ ಎಲ್ಲ ಕಟ್ಟಿಕೊಂಡು ಏಳುವಾಗ ಆಯಮ್ಮ ಸಹಜವಾಗಿ, ಈ ಸನ್ನೆ ಯಾವತ್ತಾದ್ರೂ ತಪ್ಪಿದ್ದುಂಟಾ, ಎಂದು ಕೇಳಿದರು. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಆ ದಿನದ ಮಾತೆತ್ತಿಲ್ಲ, ನಿನಗೇ ಗೊತ್ತು. ಕೊಳವೆ ನನ್ನ ಬಾಯಲ್ಲಿತ್ತು, ಅಚ್ಚು ಖಾಲಿ ಇತ್ತು, ಒಳಮೈಗೆ ಒಂದು ಗಾಜಿನ ಚೂರು ಅಂಟಿತ್ತು, ಅಪ್ಪ ಪಕ್ಕದಿಂದ ಬಗ್ಗಿ ಅದನ್ನು ತೆಗೆಯಲು ಎರಡು ಬೆರಳು ಹಾಕಿದರು, ನೀನು ಮುಚ್ಚಿದೆ. ಖಾಲಿ ಅಚ್ಚನ್ನೂ ಬಿಸಿ ಆರದಿರಲಿ ಎಂದು ಆಗಾಗ ಮುಚ್ಚಿಸುತ್ತಿದ್ದೆವಾದ್ದರಿಂದ ನಿನಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಕಾದ ಕಬ್ಬಿಣ. ಆಮೇಲೆ ಅಪ್ಪನ ಬಲಗೈ ಕೊಳವೆ ಹಿಡಿಯಲಿಲ್ಲ. ತಮ್ಮ ತಲೆ ಆಡಿಸಿದ ಹಾಗೆ ಕಾಣ್ತು, ಎಂದು ನೀನು ಅಳುತ್ತಾ ಹೇಳಿದೆ. ಆಡಿಸಿರಲಿಲ್ಲ ಎಂದು ತೀರ್ಮಾನವಾಯಿತು. ಮಾರನೆಯ ದಿನ ನೀನು ಕಣ್ಣು ಪರೀಕ್ಷೆಗೆ ಹೋದೆ. ಕಣ್ಣು ಸರಿಯಾಗಿದೆ ಎಂದರು. ನಂಬದೆ ಇನ್ನೊಂದು ಊರಿನ ಕನ್ನಡಕದಂಗಡಿಯಲ್ಲಿ ತೋರಿಸಿದೆ, ಅಲ್ಲೂ ಸರಿಯಾಗಿದೆ ಎಂದರು, ಆ ಅಂಗಡಿಯಲ್ಲೇ ಕೆಲಸಕ್ಕೆ ಸೇರಿಬಿಟ್ಟೆ. ಅಂದಿನಿಂದ ಎಷ್ಟು ಸಲ ಮನೆಗೆ ಬಂದರೂ ಅಂಗಳದಿಂದ ಆಚೆ ಶೆಡ್ಡಿನೊಳಗೆ ಕಾಲಿಟ್ಟಿಲ್ಲ. ಅಮ್ಮ ಹೋದಾಗಲೂ ಇಡಲಿಲ್ಲ.

ಉತ್ತರ ಹೇಳಿದ್ದು ಅಪ್ಪ. ಸೊಟ್ಟ ಬೆರಳುಗಳನ್ನು ಆಯಮ್ಮನ ಮುಂದೆ ಚಾಚಿ, ಒಂದೇ ಸಲ ತಪ್ಪಿದ್ದು, ತಪ್ಪು ನಂದೇ, ಎಂದರು. ಅಚ್ಚಿಗೆ ಕೈ ಹಾಕೋನು ಮೊದಲು ಅಚ್ಚಿನವರ ಹೆಗಲು ಮುಟ್ಟಬೇಕು, ಅದು ನಾನೇ ಮಾಡಿದ ಕಟ್ಟು, ನಾನೇ ಮುಟ್ಟಲಿಲ್ಲ, ಆತುರಗಾರನಿಗೆ ಬುದ್ಧಿ ಮಟ್ಟ, ನನ್ನ ಮಗಳು ತಲೆ ನೋಡ್ತಿದ್ಳು, ಅವಳಿಗೇನು ಗೊತ್ತು, ಎಂದರು. ಅಕ್ಕಾ, ನಾನು ಬೆರಗಾಗಿ ಹೋದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದರೆ, ಅದರಲ್ಲಿ ಹೇಳೋದೇನಿದೆ, ಎಲ್ಲರಿಗೂ ಗೊತ್ತಿತ್ತಲ್ಲ, ಎಂದು ನನ್ನನ್ನೇ ದುರುಗುಟ್ಟಿ ನೋಡಿದರು. ನೀನು ಬಿಟ್ಟು ಹೋದದ್ದು ಅಪ್ಪನ ಮೇಲಿನ ಕೋಪಕ್ಕೆ ಎಂದು ಅವರು ತಿಳಿದಿದ್ದರಂತೆ, ಕಟ್ಟು ಮುರಿದ ಯಜಮಾನನ ಹತ್ತಿರ ಯಾರು ಕೆಲಸ ಮಾಡುತ್ತಾರೆ ಎಂದು. ನೀನು ಕಣ್ಣು ತೋರಿಸಿಕೊಂಡು ಊರೂರು ಅಲೆದದ್ದು ಅವರಿಗೆ ಗೊತ್ತೇ ಇಲ್ಲ. ನಾನು ಹೇಳಿದಾಗ ಬೆರಳು ನೀವಿಕೊಳ್ಳುತ್ತಾ, ಅಯ್ಯೋ ಹುಚ್ಚೀ, ಎಂದರು. ಅಷ್ಟೇ ಅಂದದ್ದು, ಆದರೆ ಆ ಸಂಜೆ ಊಟ ಅರ್ಧಕ್ಕೆ ಬಿಟ್ಟರು. ನಾನೂ ಬಿಟ್ಟೆ.

ಈಗ ಕೇಳು. ಕೊಳವೆ ನಾನು ಬಿಟ್ಟೆನೇ ಹೊರತು ಕುಲುಮೆ ಆರಿಲ್ಲ. ಇವಳು ಊದುತ್ತಾಳೆ! ಆರು ವರ್ಷದಿಂದ ನನ್ನ ಬೆನ್ನ ಹಿಂದೆ ಚಿಕ್ಕಪುಟ್ಟ ಶೀಶೆ ಊದಿ ಕಲಿತದ್ದನ್ನು ಹೋದ ವಾರ ತೋರಿಸಿದಳು. ಉಸಿರು ನನಗಿಂತ ಚೆನ್ನಾಗಿದೆ, ನನ್ನ ಹತ್ತಿರ ಬೈಗುಳದಲ್ಲಿ ಖರ್ಚಾಗುತ್ತಿದ್ದದ್ದು ಈಗ ಗಾಜಿಗೆ ಹೋಗುತ್ತಿದೆ. ಸೊಟ್ಟಗಾದ ಹದಿನಾಲ್ಕು ಚಿಮಣಿಗಳನ್ನೂ ಒಡೆದು ಮತ್ತೆ ಕುಲುಮೆಗೆ ಹಾಕಿದ್ದೇವೆ. ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ, ಗಾಜಿಗೆ ಆ ಕಷ್ಟವಿಲ್ಲ. ಆದರೆ ಅಚ್ಚಿಗೆ ಯಾರು? ಅಪ್ಪನ ಕೈಗೆ ಹಿಡಿತವಿಲ್ಲ. ನಾನು ಎರಡು ದಿನ ಕೂತು ನೋಡಿದೆ, ನನ್ನ ತಲೆ ಆಡುವಾಗ ನೋಡುವ ಕಣ್ಣೂ ಆಡುತ್ತದೆ, ಇವಳ ತಲೆ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಪ್ರಯೋಗಾಲಯದವರಿಗೆ ಅಳತೆಯ ಜಾಡಿಗಳು ತಿಂಗಳ ಕೊನೆಗೆ ಆಗಬೇಕು. ನಿನ್ನೆ ಅಪ್ಪನೇ ಬಾಯಿ ಬಿಟ್ಟು, ಅವಳನ್ನ ಕೇಳು, ಬರ್ತಾಳಾ ಕೇಳು, ಎಂದರು. ಹತ್ತು ದಿನಕ್ಕೆ ಬಾ ಅಕ್ಕಾ. ಕುಳ್ಳು ಸ್ಟೂಲಿನ ಮೇಲೆ ಮಂಡಿ ಮಡಚಿ ಕೂರಬೇಡ, ಎತ್ತರದ್ದೊಂದು ಮಾಡಿಸಿ ಅಚ್ಚನ್ನೂ ಎತ್ತರಿಸುತ್ತೇನೆ. ಕೆಲಸ ಬೇಡವೆಂದರೆ ಬೇಡ, ಬಂದು ಶೆಡ್ಡಿನೊಳಗೆ ಒಂದು ಲೋಟ ಕಾಫಿ ಕುಡಿದು ಹೋಗು. ತಪ್ಪು ಯಾರದ್ದೆಂದು ಅಪ್ಪನೇ ಹೇಳಿದ ಮೇಲೆ ಇನ್ನು ಹೊಸ್ತಿಲ ಹೊರಗೆ ನಿಲ್ಲುವುದು ಯಾಕೆ? ನನಗಂತೂ ಎದೆಯ ಮೇಲಿನ ಚಪ್ಪಡಿ ಎತ್ತಿದ ಹಾಗಾಗಿದೆ, ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಅಪ್ಪ.

ಭಾವನವರಿಗೆ ನನ್ನ ನಮಸ್ಕಾರ, ಮಗಳಿಗೆ ಆಶೀರ್ವಾದ, ಅವಳು ಮೂರು ಮಾತಿಗಿಂತ ಹೆಚ್ಚು ಆಡುವಂತಾಗಲಿ. ಅಪ್ಪ ನಿನಗೆ ಎಲ್ಲ ಒಳ್ಳೆಯದಾಗಲಿ ಎಂದು ಬರೆಸಿದ್ದಾರೆ, ಇವಳು ಮಂಡಿಗೆ ಬಿಸಿನೀರಿನ ಶಾಖ ಕೊಡಿ ಎಂದಿದ್ದಾಳೆ. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ತಮ್ಮ,
ಪೀಪಿ

ಲಕೋಟೆಗೆ ಅಂಟು ಹಚ್ಚುವ ಮೊದಲು: ಇವಳು ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಒಂದು ನಿಮಿಷ ಎಂದಿದ್ದೇನೆ. ಮೇಲಿನದೆಲ್ಲ ನಿಜ, ಒಂದನ್ನು ಬಿಟ್ಟಿದ್ದೇನೆ. ಅಪ್ಪ ತಪ್ಪು ನಂದೇ ಎಂದಾಗ ನಾನು ಎದುರಿಗೇ ಕೂತಿದ್ದೆ, ನನ್ನ ತಲೆ ಹೌದು, ಹೌದು, ಹೌದು ಎಂದು ಆಡುತ್ತಲೇ ಇತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡೆ, ನಿಲ್ಲಲಿಲ್ಲ. ಶುಕ್ರವಾರದಿಂದ ನಾನು ನಿದ್ದೆ ಮಾಡಿಲ್ಲ. ಆಡಿಸಿರಲಿಲ್ಲ ಎಂದು ತೀರ್ಮಾನವಾಯಿತು ಎಂದು ಬರೆದೆನಲ್ಲ, ಆ ತೀರ್ಮಾನ ಮಾಡಿದವನು ನಾನು. ಆ ದಿನ ನಿನ್ನ ಬೆನ್ನ ಹಿಂದೆ, ಬೀದಿಯ ಬಾಗಿಲಲ್ಲಿ, ನನ್ನ ಕೇರಂ ಗೆಳೆಯ ಬಂದು ನಿಂತಿದ್ದ. ಬೆರಳು ಚಿಮ್ಮಿ ತೋರಿಸಿದ, ಸಂಜೆ ಆಟಕ್ಕೆ ಬರ್ತೀಯಾ ಎಂದು. ಬಾಯಲ್ಲಿ ಕೊಳವೆ ಇತ್ತು. ಬರ್ತೀನಿ ಎಂದು ತಲೆ ಆಡಿಸಿದೆ. ನೀನು ಮುಚ್ಚಿದೆ. ನೀನು ಅಳುತ್ತಾ ನನ್ನ ಕಡೆ ತಿರುಗಿದಾಗ, ಎಲ್ಲರೂ ನನ್ನನ್ನೇ ನೋಡಿದಾಗ, ಇಲ್ಲ, ನಾನು ಆಡಿಸಿಲ್ಲ ಎಂದೆ. ಇಪ್ಪತ್ನಾಲ್ಕು ವರ್ಷದ ಕತ್ತೆ, ಅಪ್ಪನ ಕೈ ನೋಡಿ ಹೆದರಿಹೋಗಿದ್ದೆ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ನೀನು ಕಣ್ಣು ತೋರಿಸಲು ಹೋಗಿದ್ದೆ. ಆಮೇಲೆ ಹೇಳಲು ಪ್ರತಿ ವರ್ಷವೂ ಹಿಂದಿನ ವರ್ಷಕ್ಕಿಂತ ಕಷ್ಟವಾಯಿತು. ಕ್ಷಮಿಸು ಎಂದು ಕೇಳಲು ಮುಖವಿಲ್ಲ, ಬರುವುದೂ ಬಿಡುವುದೂ ನಿನಗೇ ಬಿಟ್ಟಿದ್ದು. ಅಪ್ಪ ಹೊರಗೆ ಕೂತಿದ್ದಾರೆ, ಈ ಕಾಗದ ಇವಳ ಕೈಗೆ ಕೊಟ್ಟು ನೇರ ಅವರ ಹತ್ತಿರ ಹೋಗುತ್ತೇನೆ. ಇವಳಿಗೆ ಬೆಳಿಗ್ಗೆಯೇ ಹೇಳಿದೆ, ಬರೀರಿ ಎಂದಳು. ಬರೆದೆ. ಎಷ್ಟು ಹಗುರವಾಗಿದೆ ಎಂದು ಹೇಳಲೂ ನಾಚಿಕೆ. ಅಕ್ಕಾ, ನಿನ್ನ ಕಣ್ಣಿಗೆ ಅವತ್ತೂ ಏನೂ ಆಗಿರಲಿಲ್ಲ. ನಾನು ತಲೆ ಆಡಿಸಿದ್ದೆ, ನೀನು ನೋಡಿದ್ದೆ.